ಮಗುಚಿಟ್ಟ ಮುಚ್ಚಳ

ಅವರ ಬಲಗೈಯ ಹೆಬ್ಬೆರಳಿನಲ್ಲೂ ತೋರುಬೆರಳಿನಲ್ಲೂ ಗೆರೆಗಳೇ ಇರಲಿಲ್ಲ. ಹಾಲಿನ ಜಿಡ್ಡು ಅಳೆಯುವ ಆಮ್ಲ ವರ್ಷಗಟ್ಟಲೆ ಸೋಕಿ, ಚರ್ಮ ಹುಣಸೆಬೀಜದಂತೆ ನುಣುಪಾಗಿತ್ತು. ಪಡಿತರ ಅಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. "ನಾನು ಊರೋರ ಹಾಲು ವಾಪಸ್ ಕಳಿಸ್ತೀನಿ, ಇದು ನನ್ನೇ ಕಳಿಸ್ತದೆ ನೋಡು," ಎಂದು ನಗುತ್ತಿದ್ದರು.

ತಮಿಳುನಾಡಿನ ಗಡಿಯೊಳಗಿನ ತಳಿ ಎಂಬ ಊರಿನ ಕಡೆಯ ನಮ್ಮ ಹಳ್ಳಿಯ ಹಾಲಿನ ಸಂಘದಲ್ಲಿ ಅವರು ಪರೀಕ್ಷಕರು. ಊರಿಗೆಲ್ಲ ಹಾಲಿನ ಮಾಮ.

ಕೆಚ್ಚಲು ಬಾವು ರೋಗಕ್ಕೆ ಸೂಜಿಮದ್ದು ಹಾಕಿಸಿದ ಹಸುವಿನ ಹಾಲಿನಲ್ಲಿ ಕೆಲವು ದಿನ ಮದ್ದು ಉಳಿದಿರುತ್ತದೆ; ಅದನ್ನು ಮಾರಬಾರದು. ಸಂಘದ ಉಪಕರಣಗಳಿಗೆ ಆ ಮದ್ದು ಕಾಣುತ್ತಿರಲಿಲ್ಲ. ಆದರೂ ಅಂಥ ಹಾಲು ಅವರನ್ನು ದಾಟಿ ಹೋಗುತ್ತಿರಲಿಲ್ಲ. ಮದ್ದು ಹಾಕಿಸಿದ ಮನೆಯವರು ಮಾಮನಿಗೆ ಗುರುತಾಗಲೆಂದು ಕ್ಯಾನಿನ ಮುಚ್ಚಳವನ್ನು ಮಗುಚಿಟ್ಟು, ಎಲ್ಲರಂತೆ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದರು. ಬಾರದಿದ್ದರೆ ತಮ್ಮ ಕೊಟ್ಟಿಗೆಯಲ್ಲಿ ರೋಗವಿದೆಯೆಂದು ಸುದ್ದಿಯಾಗುತ್ತದೆಂಬ ಅಂಜಿಕೆ. ಮಾಮ ಆ ಕ್ಯಾನನ್ನು ಹಿಂದಕ್ಕೆ ಒಯ್ದು, ಹಾಲನ್ನು ತಿಪ್ಪೆಗೆ ಸುರಿದು, ಕ್ಯಾನು ತೊಳೆದು, ಮಾತಿಲ್ಲದೆ ಕೊಡುತ್ತಿದ್ದರು.

ಕೃಷ್ಣಗಿರಿಯ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಬಹುಮಾನಗಳೊಡನೆ ಮರಳಿದ ನನಗೆ ಇದು ಅವ್ಯವಸ್ಥೆಯಾಗಿ ಕಂಡಿತು. ಹಾಲಿನ ಗುಣಮಟ್ಟಕ್ಕೊಂದು ಲಿಖಿತ ನಿಯಮಾವಳಿ ಸಿದ್ಧಪಡಿಸಿದೆ. ಮದ್ದು ಹಾಕಿಸಿದವರ ಹೆಸರನ್ನು ಹಲಗೆಯ ಮೇಲೆ ಬರೆಯಬೇಕೆಂಬುದು ಅದರ ಮುಖ್ಯ ವಿಧಿ.

ಸಂಘದ ಸಭೆಯಲ್ಲಿ ಮಾಮ ಎದ್ದು ನಿಂತರು. "ಬರಿಯೋದೆಲ್ಲಾ ಬರಿಯಪ್ಪಾ. ಹೆಸರು ಮಾತ್ರ ಬರೀಬ್ಯಾಡ. ಆಮ್ಯಾಕೆ ಯಾರೂ ಹೇಳಾಕಿಲ್ಲ."

"ಮಕ್ಕಳು ಕುಡಿಯುವ ಹಾಲಿಗಿಂತ ದೊಡ್ಡವರ ಮಾನ ದೊಡ್ಡದೇ, ಮಾಮ?" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಅವರು ಕುಳಿತರು.

ಹಲಗೆ ತೂಗುಹಾಕಿದ ಮೇಲೆ ಒಂದು ಮುಚ್ಚಳವೂ ಮಗುಚಿ ಬರಲಿಲ್ಲ. ಹಲಗೆಯ ಮೇಲೆ ಒಂದು ಹೆಸರೂ ಬೀಳಲಿಲ್ಲ. "ಊರಲ್ಲಿ ಯಾವ ಹಸೂಗೂ ಕಾಯ್ಲೆ ಇಲ್ವಂತೆ ಕಣಪ್ಪಾ. ನಿನ್ನ ಬೋರ್ಡು ಒಳ್ಳೇ ಡಾಕ್ಟ್ರು!" ಎಂದರು ಮಾಮ. ಆ ಸಲ ನಗಲಿಲ್ಲ.

ತಿಂಗಳೊಳಗೆ ಶೀತಲೀಕರಣ ಕೇಂದ್ರದವರು ನಮ್ಮ ಹಾಲಿನಲ್ಲಿ ಮದ್ದು ಪತ್ತೆಹಚ್ಚಿ, ಅಂದಿನ ಇಡೀ ಊರಿನ ಹಾಲನ್ನು ಚೆಲ್ಲಿಸಿದರು. ಹೊಣೆ ಯಾರದೆಂದು ವಿಚಾರಿಸಲು ಬಂದ ಅಧಿಕಾರಿಗೆ ಮಾಮ ತಮಿಳಿನಲ್ಲಿ, ತಗ್ಗಿದ ದನಿಯಲ್ಲಿ, ಪರೀಕ್ಷೆ ಮಾಡಿದವನು ತಾನು, ತಪ್ಪು ತನ್ನದೇ ಎಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಸಭೆಯಲ್ಲಿ ಅಷ್ಟು ಮಾತನಾಡಿದ್ದ ನಾನು ಅಂದು ಖಾಲಿ ಹಲಗೆಯತ್ತ ಮುಖ ತಿರುಗಿಸಿ ನಿಂತೆ. ಅವರನ್ನು ಕೆಲಸದಿಂದ ತೆಗೆದರು.

ಆಮೇಲೆ ಅವರು ಹಾಲಿನ ಹೊತ್ತಿಗೆ ಬೀದಿಗೆ ಬರಲೇ ಇಲ್ಲ. ಕ್ಯಾನುಗಳ ಸದ್ದು ಕೇಳುವಷ್ಟು ಕಾಲವೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಳಗೇ ಕೂತಿರುತ್ತಿದ್ದರಂತೆ. ರಾಗಿ ಕೊಯ್ಲಿಗೆ ಮುಂಚೆಯೇ ತೀರಿಕೊಂಡರು. ಕ್ಷಮೆ ಕೇಳಲು ನಾನಿನ್ನೂ ಮಾತು ಜೋಡಿಸುತ್ತಲೇ ಇದ್ದೆ.

ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಡಲು ಊರೇ ಬಂದಿತ್ತು. ಹಿಂದಿನ ಬೀದಿಯ ಅಕ್ಕ ಒಬ್ಬರು ತಂಬಿಗೆ ಹಿಡಿದು ದೂರವೇ ನಿಂತಿದ್ದರು. ಅದರ ಮುಚ್ಚಳ ಮಗುಚಿತ್ತು.

"ಬಾರಕ್ಕಾ, ಬುಡು," ಎಂದು ಯಾರೋ ಕರೆದರು.

"ನೆನ್ನೆ ನಮ್ಮ ಹಸೂಗೆ ಸೂಜಿ ಹಾಕ್ಸೀವಿ," ಎಂದರು ಆಕೆ, ಎಲ್ಲರಿಗೂ ಕೇಳುವಂತೆ. "ಮಾಮನ ತಾವ್ಕೆ ಬರಿಗೈಲಿ ಹೆಂಗೆ ಬರ್ಲಿ? ಇದ್ನ ಹೆಂಗೆ ಬುಡ್ಲಿ?"

ನಾನು ಆ ತಂಬಿಗೆಯನ್ನು ಇಸಿದುಕೊಂಡು, ಹೊಲದ ಬದುವಿನಾಚೆ ಸುರಿದು, ತೊಳೆದು, ಮಾತಿಲ್ಲದೆ ಅವರ ಕೈಗೆ ಕೊಟ್ಟೆ. ಮಾಮ ನನಗೆ ಕಲಿಸಿದ್ದು ಅಷ್ಟೇ. ಅವರಿದ್ದಾಗ ನಾನು ಕಲಿಯಲಿಲ್ಲ.