ಹಿಮ್ಮಡಿಯ ನಕ್ಷತ್ರ

ಯಾಕೂಬಾಕ ಯಾರನ್ನೂ ಸುಮ್ಮನೆ ನಂಬುವ ಜನ ಅಲ್ಲ. ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ ಒಂದೇ. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರ ಕ್ಯಾಂಪಿನಿಂದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿಗೆ ಕಂಪೆನಿ ಬಸ್ಸು ಓಡಿಸುವುದು. ತಲೆ ಎಣಿಸದೆ ಬಸ್ಸು ಹೊರಡಿಸಿದವರಲ್ಲ. ಟಯರು ಸರಿಯಿದೆ ಎಂದು ಮೆಕ್ಯಾನಿಕ್ ಆಣೆ ಹಾಕಿದರೂ, ಬಗ್ಗಿ ತಾವೇ ಗೆರೆ ಗೆರೆ ಮುಟ್ಟಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಇಂಥ ಮನುಷ್ಯ ಚಳಿಗಾಲದ ಶುಕ್ರವಾರಗಳಲ್ಲಿ ಜನರನ್ನು ಹದಿನಾಲ್ಕು ಕಿಲೋಮೀಟರ್ ನಡೆಸುತ್ತಾರೆ ಅಂದರೆ ಆ ನಡಿಗೆ ಹೇಗಿರಬೇಡ! ನಸುಕಿನ ಸುಬಹಿ ನಮಾಝ್ ಮುಗಿಸಿ ದೋಹಾ ಬಿಟ್ಟರೆ, ಬೆಳಕು ಹರಿಯುವಾಗ ಝಕ್ರೀತ್ ಗುಡ್ಡಗಳ ಬುಡದಲ್ಲಿ ಮೂರು ಕಾರು. ಮಂಗಳೂರು, ಉಡುಪಿ, ಪುತ್ತೂರು ಕಡೆಯ ಹತ್ತು ಹನ್ನೆರಡು ಜನ. ಬಿಳಿ ಸುಣ್ಣಕಲ್ಲಿನ ಗುಡ್ಡ ಸಾಲನ್ನು ಕುದುರೆ ಲಾಳದ ಹಾಗೆ ಸುತ್ತಿ, ಮಧ್ಯಾಹ್ನದ ಜುಮಾ ನಮಾಝಿಗೆ ಮೊದಲು ಊರು ಸೇರಬೇಕು. ಮುಂದೆ ಯಾಕೂಬಾಕ, ಎಲ್ಲರಿಗಿಂತ ಹಿಂದೆ ಅವರ ಹೆಂಡತಿ ಝುಲೈಖಾ. ಯಾರೂ ಹಿಂದೆ ಉಳಿಯಬಾರದು ಎನ್ನುವುದಕ್ಕೆ ಆ ವ್ಯವಸ್ಥೆ.

ನಿಯಮ ಒಂದೇ, ಆದರೆ ಗಟ್ಟಿ. ಸುತ್ತು ಪೂರ್ತಿ ಮಾಡಬೇಕು, ಅಡ್ಡ ದಾರಿ ಹಿಡಿದವರು ಗುಂಪಿನಿಂದ ಹೊರಗೆ. ಯಾಕೆಂದರೆ ಆ ಲಾಳದ ನಡುವೆ ಇರುವುದು ಸಬ್ಖ, ಉಪ್ಪಿನ ಬಯಲು. ನೋಡಲಿಕ್ಕೆ ಒಣ ನೆಲ, ಮಳೆ ಬಿದ್ದಮೇಲೆ ಒಳಗೆ ಬರೀ ಕೆಸರು. ಅಲ್ಲಿ ಬಾಗಿಲಿನವರೆಗೆ ಹೂತ ಕಾರೊಂದನ್ನು ಯಾಕೂಬಾಕ ಸ್ವತಃ ಎಳೆದು ತೆಗೆದವರು. ಕಳೆದ ವರ್ಷ ಮಾರಿಸ್ ಎಂಬವರು ಮಂಡಿ ನೋವು, ಅರ್ಧಕ್ಕೆ ತಿರುಗುತ್ತೇನೆ ಅಂದಾಗಲೂ, ಆಗದವರು ಕಾರಲ್ಲೇ ಕೂತಿರಲಿ ಎಂದು ಯಾಕೂಬಾಕ ಎಲ್ಲರೆದುರೇ ಹೇಳಿಬಿಟ್ಟಿದ್ದರು. ಮಾರಿಸ್ ಮತ್ತೆ ಬರಲಿಲ್ಲ.

ಜನವರಿಯ ಮೊದಲ ಶುಕ್ರವಾರ ಸಬ್ಖದ ಅಂಚಿನಲ್ಲಿ, ಸುತ್ತು ಮುಗಿಯುವ ಕಡೆ ಇರುವ ಚಹಾ ಕುಡಿಯುವ ಬಂಡೆಯ ಹತ್ತಿರ ಎಲ್ಲರೂ ಸೇರಿದ ಮೇಲೆ ಯಾಕೂಬಾಕ ಮೂತ್ರಕ್ಕೆಂದು ಬಂಡೆಯ ಹಿಂದೆ ಹೋದರು. ಹೋದವರು ಅಲ್ಲೇ ನಿಂತರು. ಸಬ್ಖದ ಬೂದು ಕೆಸರಿನಲ್ಲಿ ಹೆಜ್ಜೆ ಗುರುತು. ಉತ್ತರದ ತಿರುವಿನಿಂದ ನೇರ ಇಲ್ಲಿಗೆ, ಮೂರು ಕಿಲೋಮೀಟರ್ ಉಳಿತಾಯ. ಟಯರಿನ ಗೆರೆ ಓದುವ ಕಣ್ಣು ತಾನೇ? ಬಾಣದ ಹಾಗಿನ ಗೆರೆಗಳು, ಹಿಮ್ಮಡಿಯಲ್ಲಿ ಒಂದು ನಕ್ಷತ್ರ. ಹೊಸ ಗುರುತು, ಅಂಚು ಇನ್ನೂ ಒದ್ದೆ; ಕೆಸರು ಹರಡಿ ಪಾದದ ಅಳತೆ ಮಾತ್ರ ತಿಳಿಯುವಂತಿರಲಿಲ್ಲ.

ಕೆನೆತ್. ಅವರ ಮನಸ್ಸು ಅಲ್ಲಿಗೇ ಹೋಯಿತು. ದೋಹಾದ ವೆಸ್ಟ್ ಬೇಯಲ್ಲಿ ಆಫೀಸು, ಮಂಗಳೂರು ಕುಲಶೇಖರದ ಹುಡುಗ, ನವೆಂಬರಿನಲ್ಲಿ ಸೇರಿದವ. ಸಾಲಿನಲ್ಲಿ ನಿಲ್ಲುವುದೇ ಇಲ್ಲ; ಯಾಕೂಬಾಕನನ್ನೂ ದಾಟಿ ಓಡಿ, ಎಲ್ಲರಿಗಿಂತ ಮೊದಲು ಬಂಡೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿರುತ್ತಾನೆ. ಅಷ್ಟು ಬೇಗ ಹೇಗೆ ಬರುತ್ತಾನೆ ಎಂದು ಎರಡು ತಿಂಗಳಿಂದ ಕುಟುಕುತ್ತಿದ್ದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತ್ತು.

ಕಾರಿನ ಹತ್ತಿರ ಬಂದ ಮೇಲೆ ಮೆಲ್ಲಗೆ ಹೇಳಿದರು. "ಕೆನೆತ್, ಸ್ವಲ್ಪ ಕಾಲು ಎತ್ತು, ನೋಡುವ."

ಅವನು ಬಾನೆಟ್ಟಿಗೆ ಕೈಯಿಟ್ಟು ಕಾಲೆತ್ತಿದ. ಹಿಮ್ಮಡಿಯಲ್ಲಿ ನಕ್ಷತ್ರ.

"ಖಲಾಸ್. ಬರುವ ವಾರದಿಂದ ನೀನು ಬರುವುದು ಬೇಡ."

ಕೆನೆತ್ ವಾಚು ತೋರಿಸಿದ. ಅದರಲ್ಲಿ ಇಡೀ ಸುತ್ತಿನ ನಕ್ಷೆ ಇತ್ತು. ವಾಚು ನಿನ್ನದು, ನೀನು ಹೇಳಿದ್ದನ್ನೇ ಅದು ಹೇಳುತ್ತದೆ ಅಂದರು ಯಾಕೂಬಾಕ. ಆಗ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿರುವ ಪ್ರೇಮಾವತಿ ತನ್ನ ಕಾಲನ್ನೂ ಎತ್ತಿದಳು. ಅಲ್ಲೂ ನಕ್ಷತ್ರ. ಬಸ್ ಡಿಪೋದ ರಿಝ್ವಾನ್ ಎತ್ತಿದ, ಅಲ್ಲೂ.

"ಅರ್ಧ ರೇಟಿಗೆ ಶೂ ಉಂಟು, ಸ್ಟಾಕ್ ಮುಗಿಯುವ ಮೊದಲು ತೆಗೀರಿ ಅಂತ ಗ್ರೂಪಿಗೆ ಮೆಸೇಜ್ ಹಾಕಿದ್ದು ಯಾರು ಮಾರ್ರೆ?" ಅಂದಳು ಪ್ರೇಮಾವತಿ.

ಹಾಕಿದ್ದು ಯಾಕೂಬಾಕನೇ. ಆಫರ್ ಅಂದರೆ ನಮ್ಮ ಜನ ಬಿಡುವುದುಂಟೇ? ಗುಂಪಿಗೆ ಗುಂಪೇ ಹೋಗಿ ತಂದಿತ್ತು. ಎಲ್ಲರೂ ನಕ್ಕರು, ಕೆನೆತ್ ಮಾತ್ರ ನಗಲಿಲ್ಲ. ಝುಲೈಖಾ ಆಗಲೇ ಕಾರಿನೊಳಗೆ ಕೂತು, ಜುಮಾಕ್ಕೆ ತಡವಾಗುತ್ತದೆ ಎಂದು ಕರೆಯುತ್ತಿದ್ದಳು.

ಆ ವಾರವಿಡೀ ಯಾಕೂಬಾಕನ ತಲೆಯಲ್ಲಿ ನಕ್ಷತ್ರಗಳೇ. ಕೆನೆತ್ ಮೇಲಿನ ಸಂಶಯ ಹೋಗಲಿಲ್ಲ, ಉಳಿದವರ ಮೇಲೂ ಹತ್ತಿಕೊಂಡಿತು. ರಿಝ್ವಾನ್ ಬೆವರುವುದೇ ಇಲ್ಲವಲ್ಲ, ಯಾಕೆ? ಪ್ರೇಮಾವತಿ ಅಷ್ಟು ಚುರುಕಾಗಿ ಕಾಲೆತ್ತಿದ್ದು ಯಾಕೆ? ಊಟಕ್ಕೆ ಕೂತಾಗ ಹೆಂಡತಿಯನ್ನೂ ಕೇಳಿದರು, ಹಿಂದೆ ಇರುವವಳು ನೀನು, ಯಾರಾದರೂ ಸಾಲು ಬಿಟ್ಟದ್ದು ನೋಡಿದೆಯಾ ಎಂದು. ಕೊನೆಯವಳಿಗೆ ಎಲ್ಲರ ಬೆನ್ನೇ ಕಾಣುವುದು ಅಂದು ಅವಳು ಇನ್ನೊಂದು ತುಂಡು ಮೀನು ಬಡಿಸಿದಳು. ಅದೂ ಸರಿ ಅನಿಸಿತು.

ಮುಂದಿನ ಶುಕ್ರವಾರ ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ, ರಿಝ್ವಾನನನ್ನು ಮುಂದೆ ಹಾಕಿ, ತಾವು ಕಾರಿನಲ್ಲೇ ಉಳಿದರು. ಬರುವುದು ಬೇಡ ಅಂದಿದ್ದರೂ ಕೆನೆತ್ ಕೂಡ ಬಂದಿದ್ದ; ಎಲ್ಲರ ಶೂವಿನಲ್ಲೂ ನಕ್ಷತ್ರ ಇದ್ದಮೇಲೆ ಅವನೊಬ್ಬನನ್ನೇ ತಡೆಯುವ ಹಾಗಿರಲಿಲ್ಲ. ಎಲ್ಲರೂ ಮರೆಯಾದ ಕೂಡಲೇ ಯಾಕೂಬಾಕ ಎದುರು ದಿಕ್ಕಿನಿಂದ ನಡೆದು, ಚಹಾ ಬಂಡೆಯ ಸೀಳಿನಲ್ಲಿ ಅಡಗಿ ಕೂತರು. ಈ ಸಲ ಕಳ್ಳನನ್ನು ಕೈಯಾರೆ ಹಿಡಿಯುವುದೇ.

ಸುಮಾರು ಹೊತ್ತಿನ ಮೇಲೆ ಸಬ್ಖದ ಆಚೆ ಒಂದು ಆಕೃತಿ ಕಂಡಿತು. ಕೋಲಿನಿಂದ ನೆಲ ಕುಟ್ಟಿ ನೋಡಿ ನೋಡಿ ಹೆಜ್ಜೆಯಿಡುತ್ತಿತ್ತು. ಒಂದು ಕಾಲು ಎಳೆಯುತ್ತಿತ್ತು. ತಲೆಗೆ ಮೆರೂನ್ ಶಾಲು. ಆ ಶಾಲನ್ನು ತಂದುಕೊಟ್ಟವರು ಯಾಕೂಬಾಕನೇ.

ಅವರು ನೋಡುತ್ತಿದ್ದಂತೆ ಝುಲೈಖಾಳ ಎಡಗಾಲು ಮಂಡಿಯವರೆಗೆ ಇಳಿಯಿತು. ಎರಡು ಕೈಯಿಂದ ತೊಡೆ ಹಿಡಿದು ಎಳೆದಳು, ಬರಲಿಲ್ಲ. ಸೀಳಿನಿಂದ ಹಾರಿದ ಯಾಕೂಬಾಕ, ಅವಳು ಕುಟ್ಟಿ ನೋಡದ ನೆಲದ ಮೇಲೇ ಓಡಿ, ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದರು. ಬಹಳ ಹೊತ್ತು ಎಳೆದ ಮೇಲೆ ಕಾಲು ಬಂತು, ಶೂ ಒಳಗೇ ಉಳಿಯಿತು.

ಅವಳನ್ನು ಬಂಡೆಯ ನೆರಳಿಗೆ ತಂದು ಕೂರಿಸಿದರು.

"ಮಂಡಿ ನೋವು ಶುರುವಾಗಿ ಎರಡು ತಿಂಗಳಾಯ್ತು" ಅಂದಳು ಝುಲೈಖಾ. "ಇಲ್ಲಿ ಅಡಗಿ ಕೂತು, ಎಲ್ಲರೂ ಬಂದ ಮೇಲೆ ಹಿಂದಿನಿಂದ ಸೇರಿಕೊಳ್ತಿದ್ದೆ."

"ನನ್ನ ಹತ್ರ ಹೇಳ್ಬಾರದಾ?"

"ಹೇಳಿದ್ರೆ ಎಂತ ಮಾಡ್ತಿದ್ರಿ? ಮಾರಿಸಣ್ಣನ ಹಾಗೆ ಕಾರಲ್ಲಿ ಕೂರಿಸ್ತಿದ್ರಿ. ವಾರವಿಡೀ ನಿಮ್ಮನ್ನು ಬಸ್ಸು ನೋಡುವುದು, ನಾನಲ್ಲ. ಶುಕ್ರವಾರ ಒಂದು ಉಂಟು ನನಗೆ."

ಯಾಕೂಬಾಕನಿಗೆ ಆಗ ಇನ್ನೊಂದು ಯೋಚನೆ ಬಂತು. ಎರಡು ತಿಂಗಳು ಸಾಲಿನ ಹಿಂದೆ ಯಾರೂ ಇರಲಿಲ್ಲ. ತಾವು ತಿರುಗಿ ನೋಡಿಯೂ ಇರಲಿಲ್ಲ.

ಮೊದಲು ಬಂದವನು ಎಂದಿನಂತೆ ಕೆನೆತ್. ಕೆಸರು ಮೆತ್ತಿದ ಇಬ್ಬರನ್ನೂ, ಝುಲೈಖಾಳ ಬರಿಗಾಲನ್ನೂ ನೋಡಿದ. ತನ್ನ ಬಾಟಲಿಯ ನೀರನ್ನು ಅವಳ ಕಾಲಿಗೆ ಸುರಿದ. ಬೇಕಾದರೆ ಜಾರಿ ಬಿದ್ದದ್ದು ಅಂತ ಹೇಳುವ ಎಂದು ಮೆಲ್ಲಗೆ ಅಂದ. ಯಾಕೂಬಾಕ ತಲೆಯಾಡಿಸಿ ಬೇಡ ಅಂದರು. ಉಳಿದವರು ಬಂದು ಸೇರುವವರೆಗೆ ಕಾದು, ತಲೆ ಎಣಿಸಿ, ಎದ್ದು ನಿಂತರು.

"ಅಡ್ಡ ದಾರಿಯಲ್ಲಿ ಬಂದದ್ದು ನಮ್ಮ ಮನೆಯವಳು. ಕೆನೆತ್ ಅಲ್ಲ. ನಾನು ಹೇಳಿದ್ದು ತಪ್ಪಾಯ್ತು, ಕೆನೆತ್."

ಪ್ರೇಮಾವತಿ ತನ್ನ ಶಾಲಿನಿಂದ ಝುಲೈಖಾಳ ಕಾಲು ಒರೆಸತೊಡಗಿದಳು. ಹಿಂತಿರುಗುವಾಗ ಎಲ್ಲರಿಗಿಂತ ಹಿಂದೆ ಕೆನೆತ್ ನಡೆದ. ಯಾಕೂಬಾಕ ಹೆಂಡತಿಯ ತೋಳು ಹಿಡಿದು ಅವನ ಮುಂದೆಯೇ, ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗುತ್ತಾ.

ದೋಹಾ ದಾರಿಯಲ್ಲಿ ಅವರು ಝುಲೈಖಾಳಿಂದ ಮಾರಿಸ್‌ಗೆ ಫೋನು ಮಾಡಿಸಿ, ಸ್ಪೀಕರಿಗೆ ಹಾಕಿಸಿದರು. ಬರುವ ಶುಕ್ರವಾರದಿಂದ ಅರ್ಧ ಸುತ್ತೂ ಉಂಟು, ನೀವು ಬರಬೇಕು ಅಂದರು.

"ಎಂತ ವಿಷಯ ಯಾಕೂಬಾಕ?" ಅಂದರು ಮಾರಿಸ್. "ಕಾರಲ್ಲಿ ಕೂರಿಸಲಿಕ್ಕೆ ಜನ ಕಡಿಮೆಯಾ?"