ಅಡ್ಡಗಾಲಕ್ಕನ ಕೊನೆಯ ಅಳತೆ

ನಮ್ಮ ಪ್ರಯೋಗಾಲಯದ ಹಿರಿಯ ವಿಜ್ಞಾನಿಗೆ ಅಡ್ಡಗಾಲಕ್ಕ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ನನಗಂತೂ ಎದುರಿಗೆ ಉಸಿರಾಡುವ ಧೈರ್ಯವೂ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪ್ರೋಗ್ರಾಮ್ ನೋಡಿ, "ಇದನ್ನ ಎಚ್ಚರವಾಗಿದ್ದಾಗಲೇ ಬರೆದ್ಯೇನಪ್ಪ?" ಎಂದಿದ್ದರು. ನಿದ್ದೆಯಲ್ಲಿ ಬರೆದೆ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಒಂದು ಕಣ, ಅದರ ಅವಳಿಯಂಥ ಪ್ರತಿಕಣ. ಎಲ್ಲೋ ಲಕ್ಷಕ್ಕೊಂದು ಸಲ ಅವು ಅಪರೂಪದ ಬಗೆಯಲ್ಲಿ ಒಡೆಯುತ್ತವೆ. ಎರಡೂ ಸಮಸಮ ಒಡೆಯುತ್ತವೆಯೋ, ಒಂದು ಹೆಚ್ಚೋ? ಹೆಚ್ಚುಕಡಿಮೆಯಿದ್ದರೆ, ಜಗತ್ತಿನಲ್ಲಿ ದ್ರವ್ಯ ಮಾತ್ರ ಉಳಿದು ಪ್ರತಿದ್ರವ್ಯ ಎಲ್ಲಿ ಹಾಳಾಗಿ ಹೋಯಿತು ಎಂಬುದಕ್ಕೆ ಎಳೆ ಸಿಕ್ಕೀತು. ಆದರೆ ಮನುಷ್ಯನ ಕಣ್ಣಿಗೆ ತನಗೆ ಬೇಕಾದ ಉತ್ತರವೇ ಕಾಣುವುದು. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ಕಂಪ್ಯೂಟರು ಉತ್ತರಕ್ಕೆ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸಿ ಮುಚ್ಚಿಡುತ್ತದೆ. ಯಾವ ಡೇಟಾ ಇರಬೇಕು, ಯಾವುದನ್ನು ಎಸೆಯಬೇಕು ಎಂಬುದು ತೀರ್ಮಾನವಾದ ಮೇಲಷ್ಟೇ ಮುಸುಕು ತೆಗೆಯಬೇಕು.

ಮುಖ್ಯಸ್ಥರು ಅಕ್ಕನ ಒಡಹುಟ್ಟಿದ ತಮ್ಮ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅಕ್ಕ ಈ ವರ್ಷ ನಿವೃತ್ತರಾಗುವವರು. ಉತ್ತರ ನೋಡಿಯೇ ಹೋಗಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳಿದವರಲ್ಲ. ರಜೆ ಹಾಕುವುದನ್ನು ಮಾತ್ರ ಬಿಟ್ಟಿದ್ದರು.

ಅಂದು ಕಿಟಕಿಯಿಲ್ಲದ ಮೀಟಿಂಗ್ ಕೋಣೆಯಲ್ಲಿ ನಾವು ಮೂವರೇ.

"ಇವತ್ತೇ ಮುಸುಕು ತೆಗೆಯೋಣ ಅಕ್ಕಾ. ಇದನ್ನೇ ಅಳೀತಿರೋ ಆ ಇನ್ನೊಂದು ತಂಡದೋರು ನಮಗಿಂತ ಮೊದ್ಲೇ ಹೇಳಿಬಿಡ್ತಾರೆ," ಎಂದರು ತಮ್ಮ.

"ಹೇಳ್ಲಿ ಬಿಡು. ಪತ್ತೆಯಂತ್ರದ ಬಲಭಾಗ ಸವೆದಿದೆ. ಅಯಸ್ಕಾಂತದ ದಿಕ್ಕು ಬದಲಿಸಿದ್ರೆ ಬಲಕ್ಕೆ ಹೋಗೋ ಕಣ ಎಡಕ್ಕೆ ಹೋಗತ್ತೆ; ಹಾಗೆ ತೆಗೆದ ಡೇಟಾ ಪಕ್ಕದಲ್ಲಿಟ್ಟು ನೋಡ್ಬೇಕು. ಇಲ್ದಿದ್ರೆ ಯಂತ್ರದ ಕುಂಟನ್ನೇ ಪ್ರಕೃತಿಯ ಕುಂಟು ಅಂತೀವಿ."

"ಹುಟ್ಟಿದಾಗಿಂದ ನಿಂದು ಮೊಸರಲ್ಲಿ ಕಲ್ಲು ಹುಡುಕೋ ಕೆಲ್ಸ."

"ನೀನು ಹುಟ್ಟಿದ್ಮೇಲೆ ಕಲ್ಲು ಜಾಸ್ತಿ ಆಯ್ತು."

ನಗು ತಡೆಯಲು ಕೆಮ್ಮಿದೆ. ಇಬ್ಬರೂ ನನ್ನತ್ತ ತಿರುಗಿದರು. ಕೆಮ್ಮೂ ನಿಂತಿತು.

ತಮ್ಮ ಮೇಜು ಗುದ್ದಿದರು. "ಸವೆತದಿಂದ ಇಷ್ಟು ದೊಡ್ಡ ವ್ಯತ್ಯಾಸ ಬರೋಕೆ ಸಾಧ್ಯಾನೇ ಇಲ್ಲ!"

ಅಕ್ಕ ಕುರ್ಚಿಯನ್ನು ಅವರತ್ತ ತಿರುಗಿಸಿದರು.

"ದೊಡ್ಡದು ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದರು ಅಕ್ಕ.

ತಮ್ಮ ಲೋಟ ಎತ್ತಿ ನೀರು ಕುಡಿದರು.

"ಮುಸುಕಿನೊಳಗೆ ಇಣುಕಿದ್ದೀಯ. ಇಣುಕಿದ್ಮೇಲೇ, ಬೇಕಾದ ಉತ್ತರ ಕೆಡಿಸೋ ಡೇಟಾನೆಲ್ಲ ಎಸೀಬೇಕು ಅಂತ ನೀನು ಹಠ ಹಿಡಿದಿದ್ದು."

"ಒಂದೇ ಸಲ, ಅಕ್ಕಾ. ನೀನು ಹೋಗೋದ್ರೊಳಗೆ ಮುಗೀಲಿ ಅಂತ..."

"ನನ್ನ ಹೆಸರು ಎತ್ಬೇಡ."

ಅಕ್ಕ ಅಲ್ಲೇ ಪರಿಶೀಲನಾ ಸಮಿತಿಗೆ ಫೋನ್ ಹಚ್ಚಿದರು. ಡೇಟಾ ಆಯ್ಕೆಗಳೆಲ್ಲ ರದ್ದು, ಹೊಸ ಗುಟ್ಟಿನ ಸಂಖ್ಯೆ, ಹೊಸ ಜನ. "ಉತ್ತರದ ಸುಳಿವು ಕಿವಿಗೆ ಬಿದ್ದೋರು ಯಾರೂ ಇದನ್ನ ಮುಟ್ಟೋ ಹಾಗಿಲ್ಲ. ಅವನೂ ಹೊರಗೆ, ನಾನೂ ಹೊರಗೆ." ಫೋನಿಟ್ಟು ನನ್ನತ್ತ ನೋಡಿದರು. "ನಿಂಗೂ ಕಿವಿ ಇದೆ ಅಂದ್ಕೋತೀನಿ."

ಇಲ್ಲವೆನ್ನಲು ಬಾಯಿ ತೆರೆದವನು, "ಹೊಸಬರು ಮುಗಿಸೋವಾಗ ನೀವಿರೋದಿಲ್ವಲ್ಲಕ್ಕ," ಎಂದುಬಿಟ್ಟೆ.

"ಅದು ಕಣಕ್ಕೆ ಗೊತ್ತಾ?"

"ಹಠಮಾರಿ," ಎಂದು ಗೊಣಗಿದರು ತಮ್ಮ.

"ಕಳ್ಳ," ಎಂದು ಅಕ್ಕ ಚೀಲ ಹೆಗಲಿಗೇರಿಸಿದರು. ಬಾಗಿಲ ಹಿಡಿಕೆ ಅವರ ಕೈಯಿಂದ ಮತ್ತೆ ಮತ್ತೆ ಜಾರಿತು. ನಾನು ಎದ್ದೆ. "ಕೂತ್ಕೋ," ಎಂದು ಗದರಿ, ಎರಡೂ ಕೈಯಿಂದ ತಾವೇ ತೆರೆದುಕೊಂಡು ಹೋದರು.