ಕಾಲುಚೀಲದಲ್ಲಿ ಬಂದ ಪಪ್ಪಾಯಿ

ಹೊರದೇಶದಿಂದ ಬೀಜ, ಗಿಡ ತಂದವರು ಅಧಿಕಾರಿಗಳಿಗೆ ತಿಳಿಸಬೇಕು ಎಂದು ವಿಮಾನ ನಿಲ್ದಾಣದ ಗೋಡೆಯ ಮೇಲೆ ಬರೆದಿತ್ತು. ನೋಣಯ್ಯ ಅದನ್ನು ಓದಿದ. ಓದಿಯೂ ಮುಂದೆ ನಡೆದ. ಅವನ ಬಲಗಾಲಿನ ಕಾಲುಚೀಲದೊಳಗೆ ಪಪ್ಪಾಯಿ ಬೀಜದ ಸಣ್ಣ ಪೊಟ್ಟಣವಿತ್ತು. ಯಾರೂ ತಡೆಯಲಿಲ್ಲ. ಆದರೂ ರಿಕ್ಷಾ ಬಿಕರ್ನಕಟ್ಟೆಯ ಮನೆ ಮುಟ್ಟುವವರೆಗೆ ಅವನು ಆ ಕಾಲು ಅಲ್ಲಾಡಿಸಲಿಲ್ಲ.

ಒಮಾನಿನ ಸಲಾಲಾದಲ್ಲಿ ಅರಬಿಯೊಬ್ಬನ ಮನೆಯ ತೋಟ ನೋಡಿಕೊಳ್ಳುವುದರಲ್ಲೇ ಅವನ ಪ್ರಾಯ ಕಳೆದಿತ್ತು. ಅಲ್ಲಿನ ಪಪ್ಪಾಯಿ ಮರವನ್ನು ನೆಟ್ಟವನೂ ಅವನೇ. ಯಜಮಾನ ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರಿದರು, ನೋಣಯ್ಯನ ಕೆಲಸ ಹೋಯಿತು. ಹೊರಡುವ ಮುನ್ನ ಕೊನೆಯ ಹಣ್ಣಿನ ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಕಟ್ಟಿಕೊಂಡಿದ್ದ.

ಊರಿಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿ ಕುಶಲಾ ಇಷ್ಟು ವರ್ಷ ಒಬ್ಬಳೇ ನಡೆಸಿದ ಮನೆಯಲ್ಲಿ ಅವನಿಗೆಂದು ಯಾವ ಕೆಲಸವೂ ಉಳಿದಿರಲಿಲ್ಲ. ತಂದ ಬೀಜದಲ್ಲಿ ಸ್ವಲ್ಪವನ್ನು ಹಿತ್ತಿಲಲ್ಲಿ ಬಿತ್ತಿ, ನಾಲ್ಕು ಗಿಡ ಎದ್ದ ಮೇಲೆ ಹೊತ್ತುಹೊತ್ತಿಗೆ ಹೋಗಿ ನೋಡುವುದೇ ಕೆಲಸವಾಯಿತು.

ಗಿಡಗಳು ಎದೆಯೆತ್ತರ ಬೆಳೆದು ಮೊಗ್ಗು ಕಾಣುವಾಗ ಎಲೆಯಡಿಯಲ್ಲಿ ಹತ್ತಿಯಂಥ ಬಿಳಿ ಹುಳ ಕಾಣಿಸಿತು. ಕೆಲವೇ ದಿನಗಳಲ್ಲಿ ಪಾಗಾರದಾಚೆ ಪಕ್ಕದ ಮನೆಯ ಜಾನೆಟ್ ಬಾಯಿಯ ಪಪ್ಪಾಯಿ ಮರವೂ ಬೆಳ್ಳಗಾಯಿತು.

"ಇದೆಂತ ನೋಣಯ್ಯಣ್ಣ? ನೀವು ತೋಟದ ಕೆಲಸ ಮಾಡಿದವರಲ್ವಾ, ಮದ್ದು ಉಂಟಾ?" ಎಂದು ಅವರು ಕೇಳಿದರು.

"ನೋಡ್ತೇನೆ ಬಾಯಮ್ಮ," ಎಂದಷ್ಟೇ ಹೇಳಿ ಒಳಗೆ ಬಂದ. ಹುಳ ತನ್ನ ಬೀಜದಲ್ಲೇ ಬಂದಿರಬೇಕು ಎನಿಸಿತು. ವಿಮಾನ ನಿಲ್ದಾಣದ ಗೋಡೆಯ ಮೇಲಿನ ಆ ಬರಹವೇ ಕಣ್ಣೆದುರು ಬರುತ್ತಿತ್ತು.

ಹುಳ ಹಿಡಿದ ಎಲೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿದು ಕಟ್ಟಿ ಬಸ್ಸಿನಲ್ಲಿ ಕಂಕನಾಡಿ ಕಡೆಯ ಕೃಷಿ ಕಚೇರಿಗೆ ಹೋದ. ಬೀಜ ಎಲ್ಲಿಯದೆಂದು ಕೇಳಿದರೆ? ಗೇಟಿನಿಂದಲೇ ಹಿಂದೆ ಬಂದ. ಮರುದಿನ ಮತ್ತೆ ಹೋದ.

ಅಧಿಕಾರಿ ಮನ್ವಿತಾ ಎಲೆ ತಿರುಗಿಸಿ ನೋಡಿದರು. "ಹಿಟ್ಟು ತಿಗಣೆ. ಇಲ್ಲಿ ಎಷ್ಟೋ ವರ್ಷದಿಂದ ಉಂಟು."

"ಬೀಜದಲ್ಲಿ ಬರುದಿಲ್ವಾ ಮೇಡಂ?"

"ಒಣ ಬೀಜದಲ್ಲಿ ಇದು ಬರುದಿಲ್ಲ. ಯಾಕೆ?"

ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ತಡೆದುಕೊಳ್ಳಲಾಗದೆ ಎಲ್ಲವನ್ನೂ ಹೇಳಿಬಿಟ್ಟ. ಅವರು ಎಲೆಯನ್ನು ಮತ್ತೆ ತೊಟ್ಟೆಗೆ ಹಾಕಿ ಕಟ್ಟಿದರು.

"ಈ ಹುಳ ನೀವು ತಂದದ್ದಲ್ಲ. ಆದ್ರೆ ಬೀಜದೊಟ್ಟಿಗೆ ಕಣ್ಣಿಗೆ ಕಾಣದ ರೋಗ ಬರಬಹುದು. ಬಂದಿದೆಯಾ ಇಲ್ವಾ ಅಂತ ಹೀಗೆ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ನಾನಾದ್ರೆ ಆ ಗಿಡ ಇಡುದಿಲ್ಲ."

ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು. ಸಲಾಲಾದಲ್ಲಿ ಜೊತೆಗೆ ಕೆಲಸ ಮಾಡಿದ ಜಾಬಿರ್.

"ಆ ಮನೆ ಕೆಡವಿದ್ರು ನೋಣಯ್ಯಣ್ಣ. ತೋಟಕ್ಕೂ ಜೆಸಿಬಿ ಹಾಕಿದ್ರು. ನಿಮ್ಮ ಪಪ್ಪಾಯಿ ಮರ ಹೋಯ್ತು. ಅಲ್ಲಿ ಬೀಜ ಹುಟ್ಟಿದೆಯಲ್ಲ?"

"ಹುಟ್ಟಿದೆ," ಎಂದ ನೋಣಯ್ಯ. ಫೋನ್ ಕಿಸೆಗೆ ಹಾಕಿದ. ಬಂದ ಬಸ್ಸನ್ನು ಬಿಟ್ಟು ನಡೆಯತೊಡಗಿದ. ನಾಲ್ಕು ಗಿಡ ಬಿಟ್ಟರೆ ಆ ತೋಟದ್ದೆಂದು ಇನ್ನೇನೂ ಉಳಿದಿಲ್ಲ ಎಂಬುದು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು.

ಮನೆಗೆ ಬಂದವನು ಅಂಗಿಯನ್ನೂ ತೆಗೆಯದೆ ಗಿಡ ಕೀಳತೊಡಗಿದ. ಕುಶಲಾ ಓಡಿ ಬಂದಳು. "ಒಂದಾದ್ರೂ ಇಡಿ ಮಾರಾಯ್ರೆ. ಹೂ ಬಿಡ್ಲಿಕ್ಕೆ ಆಯ್ತಲ್ಲ!"

ಮೂರು ಕಿತ್ತ. ನಾಲ್ಕನೆಯದರ ಮುಂದೆ ನಿಂತ. ಒಳಗೆ ಹೋಗಿ ನೀರು ಕುಡಿದು ಬಂದು ಅದನ್ನೂ ಕಿತ್ತ. ಕಿತ್ತ ಗಿಡಗಳ ಮೇಲೆ ತೆಂಗಿನ ಒಣ ಮಡಲು ಒಟ್ಟಿ ಬೆಂಕಿ ಹಾಕಿ, ಉಳಿದಿದ್ದ ಬೀಜವನ್ನೂ ಅದಕ್ಕೇ ಸುರಿದ.

ಆಮೇಲೆ ಜಾನೆಟ್ ಬಾಯಿಗೆ ಎಲ್ಲವನ್ನೂ ಹೇಳಿದ. ಹುಳ ಅವನ ಬೀಜದ್ದಲ್ಲವೆಂದು ಕೇಳಿದ ಮೇಲೂ ಅವರ ಮುಖ ಸಡಿಲಾಗಲಿಲ್ಲ. "ಮೊದ್ಲೇ ಹೇಳ್ಬಹುದಿತ್ತು ನೀವು," ಎಂದರು.

ದಿನವೂ ಏಣಿ ಇಟ್ಟು ಅವರ ಮರವನ್ನು ಸಾಬೂನಿನ ನೀರಿನಲ್ಲಿ ತೊಳೆದ. ಮಳೆಗಾಲ ಹಿಡಿಯುವಾಗ ಮರ ಹೊಸ ಎಲೆ ಬಿಟ್ಟಿತು. ಜಾನೆಟ್ ಬಾಯಿ ಮೊದಲಿನಂತೆ ಹಣ್ಣು ಕಳಿಸಿದರು. ಕಣ್ಣಿಗೆ ಕಾಣದ ರೋಗವೇನಾದರೂ ತನ್ನ ಗಿಡದಿಂದ ಹರಡಿತೇನೋ ಎಂದು ನೋಣಯ್ಯನಿಗೆ ಮಾತ್ರ ಸಮಾಧಾನವಾಗಲಿಲ್ಲ. ಈಗಲೂ ಪೇಟೆಗೆ ಹೊರಟರೆ ದಾರಿಯ ಪಕ್ಕದ ಗಿಡಗಳ ಎಲೆ ಮಗುಚಿ ಅಡಿ ನೋಡುತ್ತಾನೆ. "ಬಸ್ ಬಂತು, ಬನ್ನಿ ಮಾರಾಯ್ರೆ," ಎಂದು ಕುಶಲಾ ಕರೆಯುತ್ತಾಳೆ. ಅವನು ಇನ್ನೊಂದು ಎಲೆ ನೋಡಿ ಬರುತ್ತಾನೆ.